ನಂಬರು ಬಿದ್ದ ಗುಡಿ

ಜಕ್ಕೂರು ಕೆರೆಯಾಚೆಗಿನ ಸೋಮೇಶ್ವರನ ಗುಡಿ ಬಿದ್ದುಹೋಗುತ್ತಿದೆ ಎಂದು ಊರೆಲ್ಲ ಲೊಚಗುಟ್ಟುತ್ತಿತ್ತು. ಅಲ್ಲಿ ಕಸ ಗುಡಿಸಲು ಹೋಗುತ್ತಿದ್ದವಳು ಮಾತ್ರ ಮುನಿಯಲ್ಲಮ್ಮ ಒಬ್ಬಳೇ. ಗುಡಿ ಚೋಳರ ಕಾಲದ್ದಂತೆ. ಶಿಖರದ ಇಟ್ಟಿಗೆಯೊಳಗೆ ಅರಳಿಯ ಬೇರು ಇಳಿದು ಗರ್ಭಗುಡಿಯ ಗೋಡೆ ಬಾಯಿಬಿಟ್ಟಿತ್ತು. ನವರಂಗದ ತೊಲೆ ಮುರಿದು, ಮೇಲಿನ ಚಪ್ಪಡಿ ಜಾರಿ, ಮಳೆನೀರು ನೇರ ನಂದಿಯ ಬೆನ್ನಿಗೆ ಸುರಿಯುತ್ತಿತ್ತು. ಗಂಡ ಸತ್ತಾಗ ಮುನಿಯಲ್ಲಮ್ಮ ಮನಸಾರೆ ಅತ್ತದ್ದು ಅಲ್ಲೇ, ಗಿಳಿ ಕೆತ್ತಿದ ಕಂಬಕ್ಕೆ ಬೆನ್ನು ಕೊಟ್ಟು. ಆ ಗುಡಿಯೊಂದು ನಿಂತರೆ ಸಾಕು ಎಂಬುದು ಅವಳ ಆಸೆ.

೨೦೧೨ರಲ್ಲಿ ಪ್ರದ್ಯುಮ್ನ ಬಂದ. ಹಳೇ ಗುಡಿಗಳನ್ನು ಸರಿಪಡಿಸುವ ಆರ್ಕಿಟೆಕ್ಟು. ಕೆಲಸ ಬಲ್ಲವನು, ಮಾತು ಕಮ್ಮಿ. ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ತಳಪಾಯ ಗಟ್ಟಿ ಮಾಡಿ, ಮತ್ತೆ ಇದ್ದಹಾಗೇ ಜೋಡಿಸುತ್ತೇನೆಂದು ಗುಡಿಯ ಕಮಿಟಿಯವರಿಗೆ ವಿವರಿಸಿದ. ಪೊರಕೆ ಹಿಡಿದವಳಿಗೂ ಒಂದು ಮಾತು ಹೇಳಬೇಕೆಂದು ಯಾರಿಗೆ ತಾನೇ ಹೊಳೆದೀತು?

ಅವಳೋ ಮಗಳ ಬಾಣಂತನಕ್ಕೆಂದು ಚಿಕ್ಕಬಾಣಾವರಕ್ಕೆ ಹೋಗಿದ್ದಳು. ಯುಗಾದಿಗೆ ತಿರುಗಿ ಬಂದರೆ ಗುಡಿಯೇ ಇಲ್ಲ. ಲಿಂಗ ತಗಡಿನ ಶೆಡ್ಡಿನಲ್ಲಿತ್ತು. ಬಯಲಿನ ತುಂಬ ಕಲ್ಲುಗಳು ಮಲಗಿದ್ದವು, ಒಂದೊಂದರ ಮೇಲೂ ಕೆಂಪು ಸೀಮೆಸುಣ್ಣದ ನಂಬರು. ಪೇಂಟು ಬಳಿದರೆ ಕಲ್ಲು ಕೆಡುತ್ತದೆಂದು ಸೀಮೆಸುಣ್ಣದಲ್ಲಿ ಬರೆಸಿದ್ದರು. ಬಳ್ಳಾರಿ ರಸ್ತೆ ಅಗಲ ಮಾಡುವಾಗ ಮುನಿಯಲ್ಲಮ್ಮನ ಮನೆಗೋಡೆಗೂ ಹೀಗೇ ಕೆಂಪು ನಂಬರು ಬಿದ್ದಿತ್ತು, ಹಿಂದೆಯೇ ಜೆಸಿಬಿ ಬಂದಿತ್ತು. ಇನ್ನು ಈ ಕಲ್ಲುಗಳನ್ನೂ ಲಾರಿಗೆ ತುಂಬುತ್ತಾರೆ ಅಂದುಕೊಂಡಳು.

ಆಳುಗಳೆಲ್ಲ ಹಬ್ಬಕ್ಕೆ ಹೋಗಿದ್ದರು. ಮುನಿಯಲ್ಲಮ್ಮ ಕೆರೆಯಿಂದ ಬಿಂದಿಗೆಗಟ್ಟಲೆ ನೀರು ಹೊತ್ತಳು, ತೆಂಗಿನ ನಾರಿನಲ್ಲಿ ಒಂದೊಂದೇ ಕಲ್ಲನ್ನು ಉಜ್ಜಿ ತೊಳೆದಳು, ಕುಂಕುಮ ಇಟ್ಟಳು. ಸೊಂಟ ಬಿದ್ದುಹೋಗುವಂತಾದರೂ ಮನಸ್ಸಿಗೆ ನಿರಾಳವಾಗಿತ್ತು.

ಹಬ್ಬ ಮುಗಿಸಿ ಬಂದ ಪ್ರದ್ಯುಮ್ನ ಆ ಕಲ್ಲುಗಳ ನಡುವೆ ನಿಂತುಬಿಟ್ಟ. ಕಮಿಟಿಯ ಬಾಲರಾಜ್ ಬಾಯಿಗೆ ಬಂದಂತೆ ಎಲ್ಲರನ್ನೂ ಬೈಯುತ್ತಿದ್ದ. ಮುನಿಯಲ್ಲಮ್ಮ ತಾನಾಗಿಯೇ ಮುಂದೆ ಬಂದಳು.

"ನಾನೇ ಕಣಪ್ಪ ತೊಳ್ದಿದ್ದು. ನಮ್ಮನೆಗೂ ಇಂಗೇ ನಂಬರ್ ಆಕಿದ್ರು, ಕೆಡವಿಬುಟ್ರು. ಸಿವನ ಮನೆಯಾದ್ರೂ ಉಳೀಲಿ ಅಂತ."

ಪ್ರದ್ಯುಮ್ನನಿಗೆ ಸಿಟ್ಟು ಮಾಡಲೂ ಆಗಲಿಲ್ಲ. "ಅಮ್ಮಾ, ಅದು ಕೆಡವೋ ನಂಬರಲ್ಲ," ಎಂದ. "ಮತ್ತೆ ಕಟ್ಟೋಕೆ ಹಾಕಿದ್ದು."

ನಕ್ಷೆಯಲ್ಲಿ ನಂಬರುಗಳಿದ್ದವು, ಕಲ್ಲಿನ ಮೇಲಿರಲಿಲ್ಲ. ಅವನು ಮಳೆಗಾಲದವರೆಗೂ ಒದ್ದಾಡಿದ. ಒಂದು ಮೂಲೆ ಕೂಡಿದರೆ ಇನ್ನೊಂದು ಕೂಡಲಿಲ್ಲ. ಕಮಿಟಿಯವರ ತಾಳ್ಮೆ ಮುಗಿಯಿತು. ಪಕ್ಕದಲ್ಲೇ ಸಿಮೆಂಟಿನ ಗುಡಿ ಎದ್ದಿತು, ಒಳಗೆಲ್ಲ ಟೈಲ್ಸು. ಸೋಮೇಶ್ವರ ಅಲ್ಲಿಗೆ ಹೋದ.

ಮುನಿಯಲ್ಲಮ್ಮ ಹೊಸ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಬೇಲಿಗಿಡ ಮುಚ್ಚಿದ ಕಲ್ಲುಗಳ ನಡುವೆ ಹುಡುಕಿ ಹುಡುಕಿ ಗಿಳಿಯ ಕಂಬವನ್ನು ಗುರುತು ಹಿಡಿದಳು. ಎಲ್ಲಿ ನಿಂತಿತ್ತೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದರ ತಲೆಯ ಮೇಲೆ ಯಾವ ಕಲ್ಲಿತ್ತೆಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅಷ್ಟು ವರ್ಷದಲ್ಲಿ ಅವಳು ತಲೆಯೆತ್ತಿ ನೋಡಿರಲೇ ಇಲ್ಲ. ಕಂಬ ಮಲಗಿತ್ತು, ಬೆನ್ನು ಕೊಡುವಂತಿರಲಿಲ್ಲ. ಗಿಳಿಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ಕೂತು ಅತ್ತಳು.