ಪರೀಕ್ಷೆಯ ದಿನದ ಪಾಚಿ ಸಾರು

ಸಾಮ್‌ಚೊಕ್ ಬಂದರಿನ ಹಿಂದಿನ ಬೀದಿಯಲ್ಲಿ ಮ್ಯೊಂಗ್‌ಸುಕ್‌ಳದು ಪಲ್ಯ, ಉಪ್ಪಿನಕಾಯಿ ಮಾರುವ ಅಂಗಡಿ. ಅದರ ಮೇಲಿನ ಎರಡು ಕೋಣೆಗೆ ಆಗಸ್ಟ್ ಕೊನೆಯಲ್ಲಿ ಐರ್ಲೆಂಡಿನಿಂದ ಹೊಸ ಇಂಗ್ಲಿಷ್ ಮೇಷ್ಟ್ರು ಫಿಂಟನ್, ಅವನ ಹೆಂಡತಿ ಓರ್ಲಾ ಬಂದರು. ಅವಳೂ ಟೀಚರೇ. ಮಕ್ಕಳಿಗೆ ಪಾಠ ಹೇಳಲು ಬಂದವರು ಮೊದಲ ತಿಂಗಳು ತಾವೇ ಮಕ್ಕಳಾಗಿದ್ದರು. ಬೇರೆ ಚೀಲದಲ್ಲಿ ಹಾಕಬೇಕಾದ ಮುಸುರೆಯನ್ನು ಮಾಮೂಲಿ ಕಸದ ಚೀಲಕ್ಕೆ ತುಂಬಿ ಬೀದಿಯವರ ಬಾಯಿಗೆ ಬಿದ್ದರು. ಕೋಣೆ ಬೆಚ್ಚಗಿಡಲು ನೆಲದಡಿ ಹರಿಸುವ ಬಿಸಿಯನ್ನು ಪೂರಾ ಏರಿಸಿಕೊಂಡು, ಸೆಖೆ ತಾಳಲಾರದೆ ಕಿಟಕಿ ತೆರೆದು ಮಲಗಿದರು. ಫಿಂಟನ್ ಕೆಳಗಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳದ ದಿನವಿರಲಿಲ್ಲ. ಕೊನೆಗೆ ಮ್ಯೊಂಗ್‌ಸುಕ್ ಅಲ್ಲಿ ಒಂದು ಸ್ಪಂಜು ಅಂಟಿಸಿದಳು. ಬಾಯಲ್ಲಿ ಹೇಳಿ ಮುಗಿಯದ್ದನ್ನು ಕೈಯಲ್ಲಿ ಮಾಡಿ ಮುಗಿಸುವುದು ಅವಳ ಪದ್ಧತಿ.

ನವೆಂಬರ್ ಹೊತ್ತಿಗೆ ಇಬ್ಬರೂ ಹದಕ್ಕೆ ಬಂದಿದ್ದರು. ಓರ್ಲಾ ಮೆಟ್ಟಿಲಿಳಿಯುವಾಗಲೇ "ಚಿಕ್ಕಮ್ಮಾ, ಊಟ ಆಯ್ತಾ?" ಎಂದು ಮ್ಯೊಂಗ್‌ಸುಕ್‌ಳನ್ನು ಕೂಗಿ ಕೇಳುವುದನ್ನು ಕಲಿತಿದ್ದಳು. ಅಂಗಡಿಯಿಂದ ಮೇಲಕ್ಕೆ ಕಿಮ್ಚಿ, ಹುರಿದ ಮೀನು ಹೋಗುತ್ತಿತ್ತು. ಸಂಜೆ ಅವರಿಬ್ಬರು ಕೆಳಗೆ ಬಂದು ಮ್ಯೊಂಗ್‌ಸುಕ್‌ಳ ಮಗಳು ಸೆರಿನ್‌ಗೆ ಇಂಗ್ಲಿಷ್ ಮಾತು ಕೇಳಿ ತಿಳಿಯುವ ಅಭ್ಯಾಸ ಮಾಡಿಸುತ್ತಿದ್ದರು.

ಸೆರಿನ್‌ಳಿಗೆ ನರ್ಸಿಂಗ್ ಕಾಲೇಜು ಸೇರುವ ಆಸೆ. ಕಳೆದ ವರ್ಷ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲ. "ಈ ಸಲವೂ ಆಗ್ಲಿಲ್ಲ ಅಂದ್ರೆ ನಾನು ಅಂಗಡೀಲೇ ಕೂರ್ತೀನಮ್ಮ" ಎಂದುಬಿಟ್ಟಿದ್ದಳು. ಓದಿಗಿಂತ ಹೆದರಿಕೆಯೇ ಅವಳನ್ನು ಕೆಡಿಸಿದ್ದು ಎಂದು ತಾಯಿಗೆ ಗೊತ್ತಿತ್ತು. ಆದ್ದರಿಂದ ಒಂದು ತಿಂಗಳಿಂದ ಅಂಗಡಿಯಲ್ಲಿ ಕಡಲಪಾಚಿಯ ಹೆಸರೆತ್ತಿರಲಿಲ್ಲ. ಪಾಚಿ ಜಾರುತ್ತದೆ, ತಿಂದವರು ಪರೀಕ್ಷೆಯಲ್ಲಿ ಜಾರುತ್ತಾರೆ ಎಂಬುದು ಅಲ್ಲಿನವರ ನಂಬಿಕೆ. ಪರೀಕ್ಷೆಗೆ ಹೋಗುವವರು ಜಾರದೆ ಅಂಟಿಕೊಳ್ಳಲು ಅಂಟು ಮಿಠಾಯಿ ತಿನ್ನಬೇಕು. ಆದರೆ ಪರೀಕ್ಷೆಯ ದಿನವೇ ಸೆರಿನ್‌ಳ ಹುಟ್ಟಿದ ದಿನ, ಹುಟ್ಟಿದ ದಿನಕ್ಕೆ ಪಾಚಿ ಸಾರೇ ಆಗಬೇಕು. ಭಾನುವಾರ ಮಾಡಿದರಾಯಿತು ಎಂದು ತಾಯಿ, ಮಗಳು ಬಾಯಿ ಮುಚ್ಚಿಕೊಂಡಿದ್ದರು.

ಮಹಡಿಯ ಮೇಲಿನವರಿಗೆ ಇದನ್ನು ಹೇಳುವುದು ಮರೆತರು. ಸೆಪ್ಟೆಂಬರಿನಲ್ಲಿ ಫಿಂಟನ್‌ನ ಹುಟ್ಟಿದ ದಿನ ಇದೇ ಮ್ಯೊಂಗ್‌ಸುಕ್ ಸಾರು ಕೊಟ್ಟು, "ಈ ದಿನ ಇದು ಸಿಗದೋರು ಅನಾಥರಿದ್ದಂಗೆ" ಎಂದಿದ್ದಳು. ಓರ್ಲಾ ಅದನ್ನು ಮರೆತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಸೆರಿನ್ ಅನ್ನದ ಮುಂದೆ ಒಂದು ತುತ್ತೂ ಎತ್ತದೆ ಕೂತಿದ್ದಳು. ಮೆಟ್ಟಿಲ ಮೇಲೆ ಸದ್ದಾಯಿತು. ಫಿಂಟನ್ ಸ್ಪಂಜಿಗೆ ಹಣೆ ಒತ್ತಿ ಒಳಬಂದ. ಹಿಂದೆ ಹಬೆಯಾಡುವ ಪಾತ್ರೆ ಹಿಡಿದು ಓರ್ಲಾ.

"ಹುಟ್ಟಿದ ಹಬ್ಬ, ಸೆರಿನ್! ನಾಲ್ಕು ಗಂಟೆಗೇ ಎದ್ದೆ. ನಾನೇ ಮಾಡಿದ್ದು."

ಮುಚ್ಚಳ ತೆಗೆದಳು. ಹಸಿರು ಪಾಚಿ ಸಾರಿನಲ್ಲಿ ಜಾರಾಡುತ್ತಿತ್ತು. ಸೆರಿನ್‌ಳ ಮುಖ ಬಿಳಿಚಿತು.

ಬೇಡವೆಂದರೆ ನಾಲ್ಕು ಗಂಟೆಗೆ ಎದ್ದವಳ ಮನಸ್ಸು ಮುರಿಯುತ್ತದೆ. ತಿನ್ನು ಎಂದರೆ ಮಗಳ ಧೈರ್ಯ ಮುರಿಯುತ್ತದೆ. ಮ್ಯೊಂಗ್‌ಸುಕ್ ಚಮಚ ತೆಗೆದುಕೊಂಡು ಪಾತ್ರೆಯನ್ನೇ ತನ್ನತ್ತ ಎಳೆದುಕೊಂಡಳು.

"ಹೆತ್ತೋಳು ನಾನು. ಹೆರಿಗೆ ಆದ್ಮೇಲೆ ಈ ಸಾರು ಕುಡಿದಿದ್ದೂ ನಾನೇ. ಇವಳೇನು ಮಾಡಿದ್ಲು, ಅತ್ತಿದ್ದು ಬಿಟ್ಟು? ಇದು ನಂದು!"

ನಿಂತಲ್ಲೇ ಬಾಯಿಗೆ ಸುರಿದುಕೊಳ್ಳತೊಡಗಿದಳು. ಸಮುದ್ರವನ್ನೇ ಬೇಯಿಸಿದಷ್ಟು ಉಪ್ಪು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

"ಚಿಕ್ಕಮ್ಮಾ, ಅವಳಿಗೂ ಸ್ವಲ್ಪ..."

"ಒಂದು ಹನೀನೂ ಕೊಡಲ್ಲ!"

ಬಾಯಿಯಿಂದ ಪಾಚಿ ಇಳಿಬಿಟ್ಟುಕೊಂಡ ತಾಯಿಯನ್ನು ನೋಡಿ ಸೆರಿನ್‌ಗೆ ನಗು ಉಕ್ಕಿತು. "ಅಮ್ಮಾ, ನೀನು ಯಾವ ಪರೀಕ್ಷೇಲಿ ಜಾರ್ತೀಯೋ ನೋಡ್ಕೋ!" ಒಂದು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅನ್ನ ಉಂಡಳು, ಮಿಠಾಯಿ ಬಾಯಿಗೆ ಹಾಕಿಕೊಂಡು ಹೊರಟಳು.

ಮಧ್ಯಾಹ್ನ ಓರ್ಲಾ ಶಾಲೆಯಿಂದ ಓಡುತ್ತ ಬಂದಳು. ಅಲ್ಲಿ ಯಾರೋ ಪಾಚಿಯ ವಿಷಯ ತಿಳಿಸಿದ್ದರು.

"ಚಿಕ್ಕಮ್ಮಾ, ನಾನು ಅವಳ ಪರೀಕ್ಷೆ ಕೆಡಿಸಿದ್ನಾ?"

"ಅವಳೆಲ್ಲಿ ತಿಂದ್ಲು? ತಿಂದಿದ್ದು ನಾನು. ಬೆಳಿಗ್ಗೆಯಿಂದ ಎರಡು ಸಲ ಮೆಟ್ಟಿಲಲ್ಲಿ ಜಾರಿದೀನಿ. ಮನೆಯೋರ ಪಾಲಿನ ಜಾರೋದೆಲ್ಲ ಮುಗೀತು. ಕೂತ್ಕೊಳ್ಳಿ."

ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ ಆಯಿತು. ಇಂಗ್ಲಿಷ್ ಕೇಳಿ ಉತ್ತರಿಸುವ ಹೊತ್ತು. ಬರೆಯುವವರಿಗೆ ಸದ್ದಾಗದಿರಲೆಂದು ಆಕಾಶದಲ್ಲಿ ವಿಮಾನವೂ ಹಾರದ ಹೊತ್ತು. ಪರೀಕ್ಷಾ ಶಾಲೆ ಎರಡು ಬೀದಿಯಾಚೆ ಇದ್ದರೂ ಮ್ಯೊಂಗ್‌ಸುಕ್ ಮೂಲಂಗಿ ಹೆಚ್ಚುವ ಕತ್ತಿ ಕೆಳಗಿಟ್ಟಳು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಓರ್ಲಾಳ ಕೈ ತಾನಾಗಿ ಅವಳ ಕೈ ಸೇರಿತು.

ಸಂಜೆ ಫಿಂಟನ್‌ನೂ ಬಂದು ಕೂತ. ಕತ್ತಲಾಗುವ ಮೊದಲೇ ಸೆರಿನ್ ಬಂದಳು. ಮೂರು ಜೊತೆ ಕಣ್ಣು ಅವಳ ಮೇಲೆ.

"ಅಂಕ ಎಷ್ಟು ಬರುತ್ತೋ ಗೊತ್ತಿಲ್ಲ. ಆದ್ರೆ ಈ ಸಲ ಹೆದರ್ಲಿಲ್ಲ. ಮಧ್ಯೆ ಉತ್ತರ ಹೊಳೀದೆ ಇದ್ದಾಗೆಲ್ಲ ಅಮ್ಮನ ಬಾಯಲ್ಲಿದ್ದ ಪಾಚಿ ನೆನೆಸ್ಕೊಂಡೆ. ಮತ್ತೆ ಮೇಷ್ಟ್ರೇ, ಅಲ್ಲಿ ಮಾತಾಡಿದೋರು ನಿಮಗಿಂತ ಎಷ್ಟೋ ನಿಧಾನ. ಒಂದು ಪದಾನೂ ಬಿಡ್ಲಿಲ್ಲ."

ಫಿಂಟನ್ ಎದ್ದು ಕುಣಿದ. ಸ್ಪಂಜಿಲ್ಲದ ಕಡೆ ತಲೆ ಬಡಿದುಕೊಂಡ.

"ನನ್ನ ಸಾರು ಎಲ್ಲಿ?" ಎಂದಳು ಸೆರಿನ್.

ಮ್ಯೊಂಗ್‌ಸುಕ್ ತಿಂಗಳಿಂದ ಬಚ್ಚಿಟ್ಟಿದ್ದ ಒಣ ಪಾಚಿಯ ಕಟ್ಟನ್ನು ಹೊರತೆಗೆದು ಓರ್ಲಾಳ ಮುಂದಿಟ್ಟಳು.

"ಮಾಡಿ ಟೀಚರ್, ನೀವೇ ಮಾಡಿ. ಉಪ್ಪು ಮಾತ್ರ ನನ್ನ ಕೈಗೆ ಬಿಡಿ."