ಗುಡಿಸಿ ಹಾಕಿದ ಸೆಕೆಂಡುಗಳು

ಬೆಳಿಗ್ಗೆ ಹತ್ತೂವರೆಗೆ ಕಂಪ್ಯೂಟರ್ ಪ್ರೋಗ್ರಾಮಿನ ಆ ಸಾಲು ಅವಳ ಕಣ್ಣಿಗೆ ಬಿತ್ತು. ಎರಡು ವರ್ಷದ ಹಿಂದೆ ತಾನೇ ಕೈಯಾರೆ ಬರೆದದ್ದು.

ಹೆದ್ದಾರಿಯಲ್ಲಿ ಒಂದರ ಹಿಂದೊಂದು ಓಡುವ ವಾಹನಗಳು ವೈರ್‌ಲೆಸ್‌ನಲ್ಲಿ ಬಿಡುವಿಲ್ಲದೆ ಮಾತಾಡಿಕೊಳ್ಳುತ್ತವೆ. ಮುಂದಿನದು ಬ್ರೇಕ್ ಹಾಕಿದರೆ ಹಿಂದಿನದಕ್ಕೆ ಆ ಕ್ಷಣವೇ ಸುದ್ದಿ. ಆ ಸುದ್ದಿ ಎಷ್ಟು ಸಲ ತಲುಪುತ್ತದೆ, ಎಷ್ಟು ಸಲ ದಾರಿಯಲ್ಲೇ ಕಳೆದುಹೋಗುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ‘ಲೆಕ್ಕದಕ್ಕ’. ಸಾವಿರಕ್ಕೆ ಒಂದು ತಪ್ಪಬಹುದು, ಅಷ್ಟೇ ಎಂದು ವರದಿ ಕೊಟ್ಟಿದ್ದಳು. ಅದನ್ನು ನೆಚ್ಚಿಕೊಂಡೇ ಇವತ್ತು ಕೊನೆಯ ಪರೀಕ್ಷೆ: ಮುಂದೆ ಎತ್ತರದ ಕಂಟೇನರ್ ಲಾರಿ, ಹನ್ನೆರಡೇ ಮೀಟರ್ ಹಿಂದೆ ವ್ಯಾನು. ಅಷ್ಟು ಹತ್ತಿರದಲ್ಲಿ ಮನುಷ್ಯನ ಕಾಲು ಹೊತ್ತಿಗೆ ಸರಿಯಾಗಿ ಬ್ರೇಕಿಗೆ ಹೋಗುವ ಮಾತೇ ಇಲ್ಲ. ವೈರ್‌ಲೆಸ್ಸೇ ಬ್ರೇಕ್ ಒತ್ತಬೇಕು. ವ್ಯಾನಿನಲ್ಲಿ ಕೂತವನು ಅವಳ ಒಡಹುಟ್ಟಿದ ಅಣ್ಣ, ಅದೇ ಕಂಪನಿಯ ಡ್ರೈವರ್.

“ನೀನು ಲೆಕ್ಕ ಹಾಕಿದೀಯಲ್ಲ, ನಂಗೇನು ಭಯ? ಬೇಕಿದ್ರೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀನಿ,” ಎಂದು ಬೆಳಿಗ್ಗೆ ಅವಳ ತಲೆಗೆ ಮೊಟಕಿ ಹೋಗಿದ್ದ.

ಆ ಸಾಲು ರಸ್ತೆಯಿಂದ ಬರುವ ದಾಖಲೆಗಳನ್ನು ಶುಚಿ ಮಾಡಲು ಬರೆದದ್ದು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುದ್ದಿ ಬಾರದಿದ್ದರೆ, ಯಾರೋ ವೈರ್‌ಲೆಸ್ ಯಂತ್ರ ಆಫ್ ಮಾಡಿರಬೇಕು ಎಂದುಕೊಂಡು ಅಷ್ಟೂ ಹೊತ್ತನ್ನು ಲೆಕ್ಕದಿಂದ ಗುಡಿಸಿ ಹಾಕುತ್ತಿತ್ತು. ಶುರುವಿನಲ್ಲಿ ಡ್ರೈವರುಗಳು ಊಟಕ್ಕೆ ನಿಂತಾಗೆಲ್ಲ ಹಾಗೆ ಆಗುತ್ತಿದ್ದದ್ದು ನಿಜ. ಆದರೂ ಗುಡಿಸಿದ್ದರಲ್ಲಿ ಏನಿದೆ ಎಂದು ಒಮ್ಮೆಯಾದರೂ ನೋಡಬಾರದೇ, ಮಹಾತಾಯಿ? ಇವತ್ತು ಬೇರೆ ಕೆಲಸವಿಲ್ಲವೆಂದು ನೋಡಿದಳು. ನಲವತ್ತೊಂದು ತುಣುಕು. ಎಲ್ಲದರಲ್ಲೂ ವಾಹನ ಓಡುತ್ತಲೇ ಇತ್ತು, ಎಲ್ಲದರಲ್ಲೂ ಮುಂದೆ ಎತ್ತರದ ಲಾರಿ, ಎಲ್ಲವೂ ತಿರುವಿನಲ್ಲಿ. ಯಂತ್ರವನ್ನು ಯಾರೂ ಆಫ್ ಮಾಡಿರಲಿಲ್ಲ. ಲಾರಿಯ ಎತ್ತರದ ಮೈ ಅಡ್ಡ ಬಂದು ಸುದ್ದಿಯೇ ತಲುಪಿರಲಿಲ್ಲ.

ಮೇಜಿನ ಕೆಳಗೆ ಬಿಟ್ಟ ಚಪ್ಪಲಿಯನ್ನೂ ಮೆಟ್ಟದೆ ಕೆಳಗಿನ ನಿಯಂತ್ರಣ ಕೋಣೆಗೆ ಓಡಿದಳು. ದೊಡ್ಡ ಪರದೆಯ ಮೇಲೆ ಎರಡು ಹಸಿರು ಚುಕ್ಕಿಗಳು ಅಂಟಿಕೊಂಡಂತೆ ತಿರುವಿನೊಳಗೆ ಹೋಗುತ್ತಿದ್ದವು.

“ಸಾರ್, ನನ್ನ ಲೆಕ್ಕ ತಪ್ಪು! ತಿರುವಿನಲ್ಲಿ ವ್ಯಾನಿಗೆ ಏನೂ ಕೇಳ್ಸಲ್ಲ! ಅಣ್ಣನಿಗೆ ಹೇಳಿ!”

“ಈಗ ಬಂದು ಹೇಳ್ತೀಯಲ್ಲಮ್ಮ!” ಮೇಲಧಿಕಾರಿಯ ಮುಖ ಬಿಳಿಚಿಕೊಂಡಿತು. “ಅವನ ಫೋನ್ ಗೇಟಲ್ಲೇ ಇಸ್ಕೊಂಡಿದೀವಿ. ನಮ್ಮ ಮೈಕು ಲಾರಿಗೆ ಮಾತ್ರ ಕೇಳ್ಸೋದು.”

“ಹಾಗಾದ್ರೆ ಲಾರಿಯವರಿಗೇ ಹೇಳಿ, ಬೇಗ! ನಿಲ್ಸೋಕೆ ಹೇಳಿ!”

ಅವರು ಹಿಂದೆಮುಂದೆ ನೋಡದೆ ಮೈಕು ಹಿಡಿದು ಕೂಗಿದರು. “ನಿಲ್ಸಪ್ಪಾ! ತಕ್ಷಣ ನಿಲ್ಸು!”

ಆಗ ಅವಳಿಗೆ ಹೊಳೆಯಿತು. ಈಗ ನಿಲ್ಲುವುದು ಲಾರಿ ಮಾತ್ರ. ಬೇಡ, ಬೇಡ ಎನ್ನಲು ಬಾಯಿ ತೆರೆದಳು. ಮೈಕಿಗೆ ಕೈ ಚಾಚುವಷ್ಟರಲ್ಲಿ ಸ್ಪೀಕರು ಕರಕರಗುಟ್ಟಿತು.

ಲಾರಿ ಡ್ರೈವರ್, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ ನೆಮ್ಮದಿಯಲ್ಲಿ, ಕೇಳಿದ: “ಬ್ರೇಕ್ ಒತ್ತಿದೀನಿ ಸಾರ್. ಹಿಂದಿನವನಿಗೂ ಸುದ್ದಿ ಹೋಗಿರತ್ತಲ್ವಾ?”