ಇಬ್ಬರಿಗೂ ಒಂದೇ ಕೈಖರ್ಚು

ಕಾಡಂಚಿನ ಹಳ್ಳಿ ಸಾನಮಾವಿನ ಮುತ್ತರಾಯಪ್ಪನವರಿಗೆ ಒಂದು ಹೆಮ್ಮೆ. ರಾಯಕೋಟೆ ಕಡೆಯ ಸಂತೆಗೆ ಟೊಮೇಟೊ ಮಾರಲು ಹೊರಡುವ ಮಗ ಮುನೀಂದ್ರನಿಗೂ ಸೊಸೆ ಮುನಿರತ್ನಳಿಗೂ ಅವರು ಕೈಖರ್ಚಿಗೆ ತಲಾ ಐವತ್ತು ರೂಪಾಯಿ ಕೊಡುತ್ತಾರೆ. ಗಂಡು ಹೆಣ್ಣೆಂಬ ಭೇದ ನಮ್ಮ ಮನೆಯಲ್ಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಮುನೀಂದ್ರ ಬಾಕ್ಸುಗಳನ್ನು ಮಂಡಿಗೆ ಹಾಕಿ, ಬಜ್ಜಿ ತಿಂದು, ಮಧ್ಯಾಹ್ನಕ್ಕೇ ಯಾರದೋ ಬೈಕ್ ಹತ್ತಿ ಬಂದುಬಿಡುತ್ತಾನೆ. ಚಿಲ್ಲರೆಯನ್ನೂ ಉಳಿಸಿ ತರುತ್ತಾನೆ. ಉಳಿದ ಹಣ್ಣು ಮಾರುತ್ತ ಸಂಜೆವರೆಗೆ ಕೂರುವ ಮುನಿರತ್ನ ಮಾತ್ರ ಬರಿಗೈಯಲ್ಲಿ ಬರುತ್ತಾಳೆ.

"ಬಸ್ಸೂ ಫ್ರೀ ನಿಂಗೆ. ದುಡ್ಡೆಲ್ಲ ಎಲ್ಲಿಗೋಯ್ತದಮ್ಮ?" ಎಂದು ಮಾವ ಕೇಳಿದರೆ ಅವಳು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಒಂದು ದಿನ ಅವಳು ಸಂತೆಯಲ್ಲೇ ಕುಸಿದು ಬಿದ್ದಳು. ಮೈ ಸುಡುತ್ತಿತ್ತು. ಮೂತ್ರದ ಸೋಂಕು ಕಿಡ್ನಿವರೆಗೂ ಹೋಗಿದೆ, ಇನ್ನೂ ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರು. ಮುತ್ತರಾಯಪ್ಪನವರೂ ಮುನೀಂದ್ರನೂ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕವೇ ಕೂತರು.

ಪಕ್ಕದ ಮನೆಯ ಜಯಂತಿ ಮಹಿಳಾ ಸಂಘದವಳು. ಅವಳೂ ಅದೇ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ಆಸ್ಪತ್ರೆಗೆ ನೋಡಲು ಬಂದವಳು ಸುಮ್ಮನಿರಲಿಲ್ಲ.

"ದೊಡ್ಡಪ್ಪ, ಇವ್ಳು ಸಂತೇಲಿ ದಿನಪೂರ್ತಿ ಒಂದ್ ಗುಟುಕು ನೀರು ಕುಡಿಯಾಕಿಲ್ಲ. ಗೊತ್ತಾ ನಿಮ್ಗೆ?"

"ಯಾಕಮ್ಮ? ನೀರಿಗೇನ್ ಬರ ಅಲ್ಲಿ?"

"ಕುಡುದ್ರೆ ಹೋಗ್ಬೇಕಲ್ಲ. ಮುನೀಂದ್ರ ಗೋಡೆ ಮರೆಗೋಗಿ ಬತ್ತಾನೆ. ನಾವು ಹಂಗೆ ಹೋಗಾಕಾಯ್ತದಾ? ಕಕ್ಕಸಿಗೆ ಒಂದ್ಸಲಕ್ಕೆ ಹತ್ತು ರೂಪಾಯಿ."

"ಅದ್ ಹೋದ್ರೂ ಮಿಕ್ಕಿದ್ದು ಎಲ್ಲೋಯ್ತು?"

"ಕತ್ಲಾದ್ಮೇಲೆ ಬಸ್ಸು ಮೇನ್ ರೋಡಲ್ಲೇ ಇಳಿಸ್ಬುಡ್ತದೆ. ಆನೆ ಓಡಾಡೋ ದಾರೀಲಿ ಹೆಂಗಸ್ರು ನಡ್ಕೊಂಡು ಬರಾದಾ? ಆಟೋಗೆ ಮೂವತ್ತು. ಇದ್ರಾಗೆ ತಿಂಗ್ಳು ತಿಂಗ್ಳು ಪ್ಯಾಡಿಗೂ ಎತ್ತಿಡ್ಬೇಕು. ಇನ್ನೆಲ್ಲಿ ಉಳೀತದೆ ನಿಮ್ ಐವತ್ತು?"

ಮುನೀಂದ್ರ ಹೆಂಡತಿಯ ಮುಖ ನೋಡಿದ.

"ನಂಗಾದ್ರೂ ಹೇಳ್ಬಾರ್ದಾಗಿತ್ತಾ?"

"ಹೆಂಗ್ ಹೇಳ್ಲಿ?" ಎಂದಳು ಮುನಿರತ್ನ ಮೆಲ್ಲಗೆ. "ಲೆಕ್ಕ ಕೇಳೋರ ಮುಂದೆ ಕಕ್ಕಸಿನ ಮಾತು ಬತ್ತದಾ?"

ಮುದುಕರ ಕಣ್ಣಲ್ಲಿ ನೀರು ಬಂತು. "ಸಮ್ವಾಗಿ ಕೊಟ್ಟೆ ಅಂತ ಬೀಗ್ತಿದ್ನಲ್ಲಮ್ಮ. ನನ್ ಕೈಯಾರೆ ನಿನ್ ಬಾಯಿ ಒಣಗಿಸ್ಬುಟ್ನಲ್ಲ" ಎಂದರು. ಇಷ್ಟು ದಿನ ತಮ್ಮ ಮನೆಯ ಸೊಸೆಯೇ ಹೀಗೆ ನರಳಿದ್ದಳೆಂಬುದನ್ನು ಅವರಿಗೆ ನಂಬಲಾಗಲಿಲ್ಲ.

ಮುನಿರತ್ನ ಚೇತರಿಸಿಕೊಂಡು ಮತ್ತೆ ಸಂತೆಗೆ ಹೊರಟ ದಿನ ಮಾವ ಅವಳಿಗೆ ನೂರು ರೂಪಾಯಿ ಕೊಟ್ಟರು. ತಾವೇ ತುಂಬಿಸಿದ ನೀರಿನ ಬಾಟಲಿಯನ್ನೂ ಕೈಗಿಟ್ಟರು.

"ಇದು ಖಾಲಿಯಾಗಿ ಬರ್ಬೇಕು. ಚಿಲ್ರೆ ಕೇಳಾಕಿಲ್ಲ ನಾನು."

ಮುನೀಂದ್ರ ಈಗ ಸಂಜೆವರೆಗೂ ಇದ್ದು ಹೆಂಡತಿಯ ಜೊತೆಗೇ ಬರುತ್ತಾನೆ. ಸಂತೆಯಲ್ಲಿ ಹೆಂಗಸರಿಗೆ ಉಚಿತ ಶೌಚಾಲಯ ಬೇಕೆಂದು ಜಯಂತಿಯ ಸಂಘ ಪಂಚಾಯಿತಿಯಲ್ಲಿ ಕೇಳುತ್ತಿದೆ. ಆ ಗುಂಪಿನಲ್ಲಿ ಮುತ್ತರಾಯಪ್ಪನವರೂ ನಿಂತಿದ್ದಾರೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಮಾವಂದಿರೇ, ಗಂಡಸಿಗೆ ಪುಕ್ಕಟೆ ಸಿಗುವುದಕ್ಕೆ ಹೆಂಗಸು ದಿನಾ ದುಡ್ಡು ಕೊಡುತ್ತಾಳೆ. ದುಡ್ಡಿಲ್ಲದಿದ್ದರೆ ತನ್ನ ಆರೋಗ್ಯವನ್ನೇ ಕೊಡುತ್ತಾಳೆ. ಇವತ್ತು ಸಂಜೆ ಅವಳು ಮನೆಗೆ ಬಂದಾಗ ದುಡ್ಡು ಏನಾಯಿತು ಎಂದು ಕೇಳಬೇಡಿ. ಬೆಳಗಿನಿಂದ ನೀರು ಕುಡಿದೆಯಾ ಎಂದು ಕೇಳಿ.